ಹಳೆಯ ಎಣ್ಣೆಯ ಒಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಹೊಟ್ಟಿನ ಒಲೆಯ ಬಗ್ಗೆ ಉತ್ತರಿಸುವಾಗ, ಗ್ಯಾರೇಜುಗಳಲ್ಲಿ ಬದಲಿಸಿ ತೆಗೆದ ಎಂಜಿನ್ ಆಯಿಲನ್ನೂ ಉರಿಸಿ ಶಾಖ ಪಡೆಯುವುದುಂಟು ಎಂದು ಒಂದೇ ಸಾಲಿನಲ್ಲಿ ಬರೆದಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಟ್ಟನ್ನು ಬಿಟ್ಟು ಆ ಸಾಲನ್ನೇ ಹಿಡಿದುಕೊಂಡಿವೆ. ಆದ್ದರಿಂದ ಈ ಬಾರಿಯ ಪುಟಗಳು ಪೂರ್ತಿಯಾಗಿ ಎಣ್ಣೆಯ ಒಲೆಗೆ ಮೀಸಲು. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಕೊಯ್ಲಿನ ಹೊತ್ತಿಗೂ ಮಳೆ ಬಿಡದೆ, ಬೇಯಿಸಿದ ಅಡಿಕೆ ಒಣಗದೆ ಬೂಸ್ಟು ಹಿಡಿಯುತ್ತಿದೆ. ಸೌದೆಗೂ ಕೊರತೆ. ಶಿವಮೊಗ್ಗದಲ್ಲಿ ಗ್ಯಾರೇಜು ಇಟ್ಟಿರುವ ಅಕ್ಕನ ಮಗನಿಂದ ತಿಂಗಳಿಗೆ ಒಂದು ಡ್ರಮ್ಮು, ಎಂದರೆ 200 ಲೀಟರ್, ಹಳೆಯ ಆಯಿಲ್ ಸಿಗುತ್ತದೆ. ಬ್ರೇಕ್ ಡ್ರಮ್ಮಿನ ಮೇಲೆ ತೂತು ಕೊರೆದ ಪೈಪು ನಿಲ್ಲಿಸಿ, ಎಣ್ಣೆಯನ್ನು ತೊಟ್ಟಿಕ್ಕಿಸಿ ಉರಿಸುವ ಒಲೆಯನ್ನು ವಿಡಿಯೊಗಳಲ್ಲಿ ನೋಡಿದ್ದೇನೆ. ಅದನ್ನು ಮಾಡಿಸಿ ಡ್ರೈಯರ್ ಮನೆಗೆ ಜೋಡಿಸಬಹುದೇ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ವೆಲ್ಡಿಂಗ್ ಅಂಗಡಿಗೆ ಹೋಗುವ ಮುಂಚೆ ಒಂದು ಲೆಕ್ಕ ಹಾಕಿ ನೋಡಿ, ಅರ್ಧ ತೀರ್ಮಾನ ಅದರಲ್ಲೇ ಸಿಗುತ್ತದೆ. ಒಂದು ಲೀಟರ್ ಎಂಜಿನ್ ಆಯಿಲಿನಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿದೆ. ಚೆನ್ನಾಗಿ ಒಣಗಿದ ಒಂದು ಕಿಲೊ ಸೌದೆಯಲ್ಲಿ ಸುಮಾರು 4 ಯೂನಿಟ್. ಎಂದರೆ ನಿಮ್ಮ ಡ್ರಮ್ಮು ಅರ್ಧ ಟನ್ ಸೌದೆಗೆ ಸಮ, ಅದಕ್ಕಿಂತ ಹೆಚ್ಚಲ್ಲ. ಗಂಟೆಗೆ 2 ಲೀಟರ್ ಕುಡಿಯುವ ಸಾಧಾರಣ ಒಲೆಯಲ್ಲಿ ಅದು 100 ಗಂಟೆ ಬರುತ್ತದೆ. ಹಗಲು ರಾತ್ರಿ ಉರಿಸಿದರೆ ನಾಲ್ಕು ದಿನ. ಶಾಖದ ಮೂರನೆಯ ಒಂದು ಪಾಲು ಹೊಗೆಕೊಳವೆಯಲ್ಲಿ ಹೋಗುತ್ತದೆಂದು ಹಿಡಿದರೆ, ಉಳಿದದ್ದರಿಂದ ಗಂಟೆಗೆ 8ರಿಂದ 10 ಕಿಲೊ ನೀರನ್ನು ಅಡಿಕೆಯಿಂದ ಹೊರಗೆ ತೆಗೆದರೆ ಡ್ರೈಯರ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎನ್ನಬೇಕು. ತಿಂಗಳಿಗೆ ನಾಲ್ಕು ದಿನದ ಉರಿಗಾಗಿ ನೀವು ಎಷ್ಟು ಕಬ್ಬಿಣ, ಎಷ್ಟು ಕಾವಲು, ಎಷ್ಟು ಅಪಾಯವನ್ನು ಮೈಮೇಲೆ ಹಾಕಿಕೊಳ್ಳಲು ಸಿದ್ಧರಿದ್ದೀರಿ ಎಂಬುದು ನಿಜವಾದ ಪ್ರಶ್ನೆ.

ಈಗ ಒಲೆಯ ವಿಚಾರ. ದ್ರವರೂಪದ ಎಣ್ಣೆ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ಹೊಸ ಎಂಜಿನ್ ಆಯಿಲಿನ ಆವಿಗೆ ಬೆಂಕಿ ತಗಲಬೇಕಾದರೆ ಎಣ್ಣೆ 200 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಬೇಕು. ಆದ್ದರಿಂದಲೇ ಬೆಂಕಿಕಡ್ಡಿ ಗೀರಿ ಹಾಕಿದರೆ ಅದು ಆರಿಹೋಗುತ್ತದೆ. ತೊಟ್ಟಿಕ್ಕುವ ಒಲೆಯಲ್ಲಿ ಮೊದಲು ಸ್ವಲ್ಪ ಡೀಸೆಲಿನಲ್ಲಿ ಅದ್ದಿದ ಬಟ್ಟೆಯನ್ನು ಉರಿಸಿ ಬ್ರೇಕ್ ಡ್ರಮ್ಮಿನ ತಳವನ್ನು ಚೆನ್ನಾಗಿ ಕಾಯಿಸುತ್ತಾರೆ. ಅದರ ಮೇಲೆ ಬಿದ್ದ ಹನಿ ಕೂಡಲೇ ಆವಿಯಾಗಿ ಮೇಲಕ್ಕೇಳುತ್ತದೆ. ಪೈಪಿನ ತೂತುಗಳಿಂದ ಬ್ಲೋವರಿನ ಗಾಳಿ ಬಂದು ಸೇರಿ ಉರಿ ಹತ್ತುತ್ತದೆ. ಹನಿ ಬೀಳುವುದು ಕಣ್ಣಿಗೆ ಕಾಣುವಂತಿರಬೇಕು. ತಳದಲ್ಲಿ ಎಣ್ಣೆ ಮಡುಗಟ್ಟಬಾರದು. ಆದರೆ ಈ ವ್ಯವಸ್ಥೆಗೆ ತನ್ನನ್ನು ತಾನು ತಡೆದುಕೊಳ್ಳುವ ಗುಣವಿಲ್ಲ: ತಳ ಹೆಚ್ಚು ಕಾದಷ್ಟೂ ಆವಿ ಹೆಚ್ಚು, ಆವಿ ಹೆಚ್ಚಾದಷ್ಟೂ ಕಾವು ಹೆಚ್ಚು. ಅಷ್ಟೇ ಅಲ್ಲ, ಮೇಲಿನ ಡಬ್ಬಿಯಲ್ಲಿರುವ ಎಣ್ಣೆ ಕೂಡ ಒಲೆಯ ಕಾವಿಗೆ ತೆಳುವಾಗಿ, ನೀವು ಬೆಳಿಗ್ಗೆ ಹದ ಮಾಡಿಟ್ಟ ಹನಿ ಮಧ್ಯಾಹ್ನದ ಹೊತ್ತಿಗೆ ಧಾರೆಯಾಗಿರುತ್ತದೆ. ವಿಡಿಯೊಗಳು ಐದು ನಿಮಿಷದಲ್ಲಿ ಮುಗಿಯುವುದರಿಂದ ಈ ಮಧ್ಯಾಹ್ನದ ಭಾಗ ಅವುಗಳಲ್ಲಿ ಬರುವುದಿಲ್ಲ.

ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ತೊಡಕೆಂದರೆ ಕರೆಂಟು. ಮಳೆಗಾಲದ ರಾತ್ರಿ ಕರೆಂಟು ಹೋಯಿತೆನ್ನಿ. ಬ್ಲೋವರ್ ನಿಲ್ಲುತ್ತದೆ, ಆದರೆ ಎತ್ತರದ ಡಬ್ಬಿಯಿಂದ ಎಣ್ಣೆ ಇಳಿಯುತ್ತಲೇ ಇರುತ್ತದೆ. ಗಾಳಿಯಿಲ್ಲದೆ ಉರಿ ಸಾಯುತ್ತದೆ, ಕಾದ ತಳದ ಮೇಲೆ ಎಣ್ಣೆ ಸುರಿದು ಪೈಪು, ಹೊಗೆಕೊಳವೆಗಳೆಲ್ಲ ಉರಿಯದ ಆವಿಯಿಂದ ತುಂಬಿಕೊಳ್ಳುತ್ತವೆ. ಆಗ ಕರೆಂಟು ಬಂದು ಬ್ಲೋವರ್ ಗಾಳಿ ನುಗ್ಗಿದರೆ, ಎಲ್ಲೋ ಉಳಿದ ಒಂದು ಕಿಡಿಗೆ ಅಷ್ಟೂ ಆವಿ ಒಮ್ಮೆಗೇ ಹೊತ್ತಿಕೊಂಡು ಒಲೆಯ ಬಾಯಿಂದ ಬೆಂಕಿ ಹೊರಕ್ಕೆ ಉಗುಳುತ್ತದೆ. ಇದನ್ನು ತಡೆಯಲು ಎಣ್ಣೆಯ ನಳಿಕೆಯಲ್ಲಿ ಕರೆಂಟು ಇದ್ದಾಗ ಮಾತ್ರ ತೆರೆದಿರುವ ಸೊಲೆನಾಯ್ಡ್ ವಾಲ್ವ್ ಒಂದನ್ನು ಹಾಕಿ, ಅದನ್ನೂ ಬ್ಲೋವರನ್ನೂ ಒಂದೇ ಲೈನಿಗೆ ಜೋಡಿಸಬೇಕು. ಜೊತೆಗೆ ಹೋದ ಕರೆಂಟು ಬಂದಾಗ ಎರಡೂ ತಾವಾಗಿಯೇ ಚಾಲೂ ಆಗದೆ, ಮನುಷ್ಯನೇ ಬಂದು ಗುಂಡಿ ಒತ್ತಬೇಕಾದ ಸ್ಟಾರ್ಟರ್ ಇರಬೇಕು. ಅಂಗಡಿಯಲ್ಲಿ ಸಿಗುವ ಬರ್ನರುಗಳಲ್ಲಿ ಉರಿಯನ್ನು ನೋಡುತ್ತಿರುವ ಒಂದು ಕಣ್ಣು ಇರುತ್ತದೆ; ಉರಿ ಆರಿದ ಕೆಲವೇ ಸೆಕೆಂಡುಗಳಲ್ಲಿ ಎಣ್ಣೆಯನ್ನು ನಿಲ್ಲಿಸುತ್ತದೆ. ಮನೆಯಲ್ಲಿ ಮಾಡಿದ ಒಲೆಗೆ ಆ ಕಣ್ಣು ನೀವೇ. ಎಂದರೆ ಅದನ್ನು ಹಚ್ಚಿಟ್ಟು ಮಲಗುವಂತಿಲ್ಲ, ಮತ್ತು ಡ್ರೈಯರ್ ಬೇಕಾಗುವುದೇ ರಾತ್ರಿಯಿಡೀ.

ಇನ್ನು ಅಡಿಕೆ. ಅದು ಜನ ಬಾಯಿಗೆ ಹಾಕಿಕೊಳ್ಳುವ ಪದಾರ್ಥ. ಹಳೆಯ ಎಂಜಿನ್ ಆಯಿಲಿನಲ್ಲಿ ಸವೆತ ತಡೆಯಲೆಂದು ಬೆರೆಸಿದ ಸತು ಮತ್ತು ರಂಜಕ, ಬೇರಿಂಗುಗಳಿಂದ ಸವೆದು ಬಂದ ಸೀಸ, ತಾಮ್ರ, ಅರೆಬರೆ ಉರಿದ ಪೆಟ್ರೋಲಿನಿಂದ ಬಂದ ಕ್ಯಾನ್ಸರ್‌ಕಾರಕ ಸಂಯುಕ್ತಗಳು ಇರುತ್ತವೆ. ಉರಿ ಎಷ್ಟೇ ಚೊಕ್ಕವಾಗಿದ್ದರೂ ಲೋಹ ಉರಿದು ಮಾಯವಾಗುವುದಿಲ್ಲ, ಸಣ್ಣ ಬೂದಿಯಾಗಿ ಹೊಗೆಯ ಜೊತೆ ಹೋಗುತ್ತದೆ. ಆದ್ದರಿಂದ ಈ ಹೊಗೆ ಅಡಿಕೆಯನ್ನು ಸೋಕುವ ಯಾವ ಏರ್ಪಾಡೂ ಸಲ್ಲದು. ಮಾಡಲೇಬೇಕೆಂದಿದ್ದರೆ, ಒಲೆ ಡ್ರೈಯರಿನ ಹೊರಗಿದ್ದು, ಬಿಸಿ ಹೊಗೆ ಉಕ್ಕಿನ ಕೊಳವೆಗಳ ಒಳಗೆ ಹರಿದು ಮಾಡಿನ ಮೇಲಕ್ಕೆ ಹೋಗಬೇಕು. ಬೇರೆಯೇ ಆದ ಫ್ಯಾನು ಆ ಕೊಳವೆಗಳ ಹೊರಮೈಯನ್ನು ಸವರಿಕೊಂಡು ಹೋಗುವ ಶುದ್ಧ ಗಾಳಿಯನ್ನು ಅಡಿಕೆಗೆ ಕಳಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಶುದ್ಧ ಗಾಳಿಯ ಫ್ಯಾನು ಕೊಳವೆಗಳ ಮೇಲೆ ಗಾಳಿಯನ್ನು ತಳ್ಳುವಂತೆ ಇರಬೇಕೇ ಹೊರತು ಆಚೆ ಬದಿಯಿಂದ ಎಳೆಯುವಂತೆ ಇರಬಾರದು. ತಳ್ಳುವಾಗ ಅಡಿಕೆಯ ಕಡೆಯ ಒತ್ತಡ ಹೆಚ್ಚಿರುವುದರಿಂದ, ಬೆಸುಗೆಯೊಂದು ಬಿರುಕು ಬಿಟ್ಟರೂ ಶುದ್ಧ ಗಾಳಿಯೇ ಹೊಗೆಯೊಳಗೆ ನುಗ್ಗುತ್ತದೆ. ಎಳೆದರೆ ಹೊಗೆ ಅಡಿಕೆಗೆ ಬರುತ್ತದೆ, ಮತ್ತು ಅದು ಬಂದದ್ದು ನಿಮಗೆ ಗೊತ್ತಾಗುವುದು ಮಂಡಿಯಲ್ಲಿ ಯಾರೋ ಮೂಸಿ ನೋಡಿದಾಗಲೇ.

ಕಾನೂನನ್ನೂ ಹೇಳಿಬಿಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಎಣ್ಣೆ ಸೇರಿದೆ. ಗ್ಯಾರೇಜಿನವರು ಅದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರವಿರುವ ಸಂಸ್ಕರಣೆಗಾರರಿಗೆ ಕೊಡಬೇಕು. ಇಂಧನವಾಗಿ ಬಳಸುವವರಿಗೂ ಮಂಡಳಿಯ ಒಪ್ಪಿಗೆ ಬೇಕು. ಸೋದರಮಾವ ಎಂಬುದು ಅಧಿಕಾರಪತ್ರವಲ್ಲ. 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಕರ ಮೇಲೂ ಹಳೆಯ ಎಣ್ಣೆಯ ಮರುಸಂಸ್ಕರಣೆಯ ಹೊಣೆ ಬಂದಿರುವುದರಿಂದ ಇದಕ್ಕೆ ಕೊಳ್ಳುವವರು ಹೆಚ್ಚಿದ್ದಾರೆ, ಮತ್ತು ಶುದ್ಧಗೊಳಿಸಿದರೆ ಇದರ ಬಹುಪಾಲು ಮತ್ತೆ ಎಂಜಿನಿಗೇ ಹಾಕುವ ಎಣ್ಣೆಯಾಗುತ್ತದೆ. ಅದನ್ನು ನಾಲ್ಕು ದಿನದ ಉರಿಗೆ ಸುರಿಯುವುದು ನಷ್ಟದ ವ್ಯಾಪಾರ.

ನಮ್ಮ ಸಲಹೆ: ಅಕ್ಕನ ಮಗ ಎಣ್ಣೆಯನ್ನು ಮಾರಲಿ. ನೀವು ನಿಮ್ಮ ಅಂಗಳದಲ್ಲೇ ಬಿದ್ದಿರುವ ಅಡಿಕೆ ಸಿಪ್ಪೆಯನ್ನು ನೋಡಿ. ಹಸಿ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ ಇರುತ್ತದೆ, ಒಣಗಿದ ಮೇಲೆ ಅದರ ಕಾವು ಸೌದೆಯ ಕಾವಿಗೆ ಹತ್ತಿರದ್ದು. ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಜಾಲರಿ ಮತ್ತು ಸರಿಯಾದ ಹೊಗೆಕೊಳವೆ ಹಾಕಿಸಿ, ಆ ಹೊಗೆಯನ್ನು ಮೇಲೆ ಹೇಳಿದ ಕೊಳವೆಗಳ ಮೂಲಕವೇ ಹಾಯಿಸಿದರೆ ಬೇಯಿಸಿದ ಮೇಲೆ ಉಳಿಯುವ ಶಾಖವೂ ಡ್ರೈಯರಿಗೆ ಸಿಗುತ್ತದೆ. ಕಳೆದ ವರ್ಷದ ಸಿಪ್ಪೆಯನ್ನು ಮಾಡಿನ ಕೆಳಗೆ ಒಣಗಿಸಿಟ್ಟಿದ್ದರೆ ಮಾತ್ರ ಇದು ಸಾಧ್ಯ ಎಂಬುದನ್ನು ಮರೆಯಬೇಡಿ. ಹಸಿ ಸಿಪ್ಪೆ ಬರೀ ಹೊಗೆಯಾಡುತ್ತದೆ.

ಪ್ರಶ್ನೆ: ನಮ್ಮಲ್ಲಿ ಅಲ್ಯೂಮಿನಿಯಂ ಗುಜರಿ ಕರಗಿಸುವ ಸಣ್ಣ ಕುಲುಮೆ ಇದೆ. ಹಳೆಯ ಎಣ್ಣೆಯ ಬರ್ನರ್ ಮಾಡಿಸಿದ್ದೇವೆ. ಒಮ್ಮೊಮ್ಮೆ ಚೆನ್ನಾಗಿ ಉರಿಯುತ್ತದೆ. ಒಮ್ಮೊಮ್ಮೆ ಚಟಚಟ ಸಿಡಿದು ಉರಿ ಆರುತ್ತದೆ. ಚಳಿಗಾಲದ ಬೆಳಿಗ್ಗೆ ಹೊತ್ತುವುದೇ ಇಲ್ಲ, ಕಪ್ಪು ಹೊಗೆ ಬರುತ್ತದೆ. ತಪ್ಪು ಎಲ್ಲಿದೆ?
— ಎರಕದ ಕಾರ್ಖಾನೆಯವರು, ಉದ್ಯಮಬಾಗ್, ಬೆಳಗಾವಿ

ಉತ್ತರ: ಹಳೆಯ ಎಣ್ಣೆಗೆ ನಿಜವಾಗಿ ಹೊಂದುವ ಕೆಲಸ ನಿಮ್ಮದು. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ಕುಲುಮೆಯ ಗೋಡೆಗಳು ಅದಕ್ಕಿಂತ ಹೆಚ್ಚು ಕಾದಿರುತ್ತವೆ, ಕಾದ ಗೋಡೆಯ ನಡುವೆ ಎಣ್ಣೆ ಪೂರ್ತಿಯಾಗಿ ಉರಿಯುತ್ತದೆ, ಮತ್ತು ಉರಿಯ ಮುಂದೆ ಯಾವಾಗಲೂ ಒಬ್ಬ ಮನುಷ್ಯ ನಿಂತಿರುತ್ತಾನೆ. ಮಂಡಳಿಯ ಒಪ್ಪಿಗೆ ನಿಮಗೂ ಬೇಕು ಎಂಬುದನ್ನು ಹೇಳಿ ಮುಂದಕ್ಕೆ ಹೋಗುತ್ತೇವೆ.

ಚಟಚಟ ಸದ್ದು ನೀರಿನದು. ಗ್ಯಾರೇಜಿನ ಡ್ರಮ್ಮು ಮಳೆಯಲ್ಲಿ ಬಾಯಿ ತೆರೆದು ನಿಂತಿರುತ್ತದೆ, ಇಲ್ಲವೆ ರೇಡಿಯೇಟರಿನ ಕೂಲೆಂಟನ್ನೂ ಅದಕ್ಕೇ ಸುರಿದಿರುತ್ತಾರೆ. ನೀರು ಆವಿಯಾಗುವಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಕಾದ ತಳದ ಮೇಲೆ ಬಿದ್ದ ಒಂದು ಹನಿ ತನ್ನ ಸುತ್ತಲಿನ ಎಣ್ಣೆಯನ್ನೆಲ್ಲ ಎರಚುತ್ತದೆ, ಬರ್ನರಿನೊಳಗೆ ಹೋದರೆ ಆ ಆವಿ ಉರಿಯನ್ನು ನಂದಿಸುತ್ತದೆ. ಎಣ್ಣೆ ಬಂದ ದಿನವೇ ಪರೀಕ್ಷೆ ಮಾಡಿ: ಹಳೆಯ ತವೆಯೊಂದನ್ನು ನೀರು ಚಿಮುಕಿಸಿದರೆ ಕೂಡಲೇ ಹಾರುವಷ್ಟು ಕಾಯಿಸಿ, ಒಲೆಯಿಂದ ಇಳಿಸಿ, ಕನ್ನಡಕ ಹಾಕಿಕೊಂಡು, ಎರಡು ತೊಟ್ಟು ಎಣ್ಣೆ ಬಿಡಿ. ಸುಮ್ಮನೆ ಹರಡಿ ಹೊಗೆಯಾಡಿದರೆ ಎಣ್ಣೆಯಲ್ಲಿ ನೀರಿಲ್ಲ. ಗುಳ್ಳೆ ಎದ್ದು ಸಿಡಿದರೆ ನೀರಿದೆ. ಕಾಫಿಗೆ ಹಾಲು ಬೆರೆಸಿದ ಬಣ್ಣ ಬಂದಿದ್ದರೆ ನೀರು ಎಣ್ಣೆಯೊಂದಿಗೆ ಕಡೆದುಹೋಗಿದೆ, ಅದು ತಾನಾಗಿ ಬೇಗ ಬೇರೆಯಾಗುವುದಿಲ್ಲ, ಅಂಥ ಡ್ರಮ್ಮನ್ನು ಹಿಂದಕ್ಕೆ ಕಳಿಸುವುದೇ ಲೇಸು. ಉಳಿದದ್ದನ್ನು ತಳದಿಂದ ಒಂದು ಗೇಣು ಮೇಲೆ ನಲ್ಲಿ ಇರುವ ಡ್ರಮ್ಮಿನಲ್ಲಿ ಎರಡು ಮೂರು ವಾರ ಅಲುಗಾಡಿಸದೆ ಬಿಡಿ. ನೀರೂ ಕೆಸರೂ ಕೆಳಗೆ ಕೂರುತ್ತವೆ. ತಳದಲ್ಲಿ ಇನ್ನೊಂದು ನಲ್ಲಿಯಿದ್ದರೆ ಅವನ್ನು ಆಗಾಗ ತೆಗೆಯಬಹುದು. ಬೇಗ ಆಗಲೆಂದು ಡ್ರಮ್ಮಿನ ಕೆಳಗೆ ಬೆಂಕಿ ಹಾಕುವವರಿದ್ದಾರೆ. ತಳದ ನೀರು ಕುದಿದು ಮೇಲಿನ 150 ಲೀಟರ್ ಎಣ್ಣೆಯನ್ನು ಎತ್ತಿ ಬೆಂಕಿಯ ಮೇಲೆ ಸುರಿಯುವುದಕ್ಕೆ ಅದೊಂದು ಖಚಿತವಾದ ದಾರಿ.

ಚಳಿಗಾಲದ ತೊಂದರೆ ಎಣ್ಣೆಯ ದಪ್ಪದ್ದು. ಬೆಳಗಾವಿಯ ಜನವರಿಯ ಬೆಳಿಗ್ಗೆಯಲ್ಲಿ ಅದು ಬೆಲ್ಲದ ಪಾಕದ ಹಾಗೆ ಇಳಿಯುತ್ತದೆ; 60-70 ಡಿಗ್ರಿಗೆ ಕಾಯಿಸಿದರೆ ಡೀಸೆಲ್ ಅಲ್ಲದಿದ್ದರೂ ಅದರ ನೆಂಟನಂತೆ ವರ್ತಿಸುತ್ತದೆ. ಬರ್ನರಿಗೆ ಹೋಗುವ ಸಣ್ಣ ಡಬ್ಬಿಯ ಸುತ್ತ ಬಿಸಿನೀರಿನ ಕವಚ ಮಾಡಿಸಿ, ಅದಕ್ಕೆ ಥರ್ಮೋಸ್ಟಾಟ್ ಹಾಕಿಸಿ. ಕವಚದಲ್ಲಿ ನೀರಿರುವವರೆಗೆ ಎಣ್ಣೆಯ ಕಾವು 100 ಡಿಗ್ರಿ ದಾಟುವುದಿಲ್ಲ ಎಂಬುದೇ ಅದರ ಭದ್ರತೆ. ನೇರವಾಗಿ ಎಣ್ಣೆಯೊಳಗೆ ಕಾಯಿಲ್ ಇಳಿಬಿಟ್ಟರೆ ಆ ಭದ್ರತೆ ಇರುವುದಿಲ್ಲ. ಸೋಸಲು ಮೊದಲು ತಂತಿ ಜಾಲರಿ, ಆಮೇಲೆ ನಾಲ್ಕು ಮಡಿಕೆಯ ದಪ್ಪ ಹತ್ತಿ ಬಟ್ಟೆ ಸಾಕು. ಬೈಕಿನ ಪೆಟ್ರೋಲ್ ಫಿಲ್ಟರು ಒಂದು ಗಂಟೆಯೂ ತಾಳುವುದಿಲ್ಲ.

ಕಪ್ಪು ಹೊಗೆಯೆಂದರೆ ಗಾಳಿ ಸಾಲದು. ಒಂದು ಲೀಟರ್ ಎಣ್ಣೆ ಪೂರ್ತಿ ಉರಿಯಲು 10-11 ಘನ ಮೀಟರ್ ಗಾಳಿ ಬೇಕು, ಆಚರಣೆಯಲ್ಲಿ ಅದಕ್ಕಿಂತ ಕಾಲು ಭಾಗ ಹೆಚ್ಚೇ ಕೊಡಬೇಕಾಗುತ್ತದೆ. ಆದರೆ ಗಾಳಿಯನ್ನು ಏರಿಸುತ್ತಲೇ ಹೋದರೆ ಬಿಳಿ ಹೊಗೆ, ಕಣ್ಣು ಉರಿಸುವ ವಾಸನೆ ಬರುತ್ತದೆ. ಅದು ಕಾವು ಸಾಲದೆ ಆವಿ ಹಾಗೆಯೇ ಹೊರಬೀಳುತ್ತಿರುವ ಲಕ್ಷಣ. ಕುಲುಮೆ ತಣ್ಣಗಿರುವ ಮೊದಲ ಹತ್ತು ಹದಿನೈದು ನಿಮಿಷ ಡೀಸೆಲಿನಲ್ಲಿ ಉರಿಸಿ, ಗೋಡೆ ಕೆಂಪಗಾಗತೊಡಗಿದ ಮೇಲೆ ಹಳೆಯ ಎಣ್ಣೆಗೆ ಬದಲಿಸಿದರೆ ಎರಡೂ ಬಗೆಯ ಹೊಗೆ ತಪ್ಪುತ್ತದೆ. ಸರಿಯಾಗಿ ಉರಿಯುವಾಗ ಕೊಳವೆಯ ಬಾಯಲ್ಲಿ ಹೊಗೆ ಕಾಣಬಾರದು, ಗಾಳಿ ನಡುಗುವುದು ಮಾತ್ರ ಕಾಣಬೇಕು. ಪೆಟ್ರೋಲನ್ನು ಮಾತ್ರ ಯಾವ ಹಂತದಲ್ಲೂ ಹತ್ತಿರ ತರಬೇಡಿ. ಬ್ರೇಕ್ ಆಯಿಲ್, ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆ, ಭಾಗಗಳನ್ನು ತೊಳೆದ ಕ್ಲೋರಿನ್‌ಯುಕ್ತ ದ್ರಾವಕ ಬೆರೆತ ಎಣ್ಣೆಯನ್ನೂ ಸೇರಿಸಬೇಡಿ. ಇವುಗಳ ಹೊಗೆಯ ವಿಷ ಬೇರೆಯೇ ಜಾತಿಯದು. ಬೆಂಕಿ ಹತ್ತಿದರೆ ನೀರು ಎರಚದೆ ಮರಳು, ಇಲ್ಲವೆ ಒಣ ಪುಡಿಯ ಎಕ್ಸ್‌ಟಿಂಗ್ವಿಷರ್ ಬಳಸಬೇಕೆಂಬುದು ನಿಮಗೆ ಗೊತ್ತೇ ಇರುತ್ತದೆ. ಹೊಸದಾಗಿ ಸೇರಿದ ಹುಡುಗನಿಗೂ ಅದು ಗೊತ್ತಿದೆಯೇ ಎಂದು ಕೇಳಿ ನೋಡಿ.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗೆ ಇಂಥ ಬರ್ನರ್ ಮಾಡಬೇಕೆಂದಿದ್ದೇವೆ. ಹಳೆಯ ಗ್ಯಾಸ್ ಸಿಲಿಂಡರನ್ನು ಕತ್ತರಿಸಿ ಹೊರಮೈ ಮಾಡಬಹುದೇ? ಪೈಪಿಗೆ ನೀರಿನ ಜಿಐ ಪೈಪು ಸಾಕೇ?
— ಡಿಪ್ಲೊಮಾ ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ಎರಡಕ್ಕೂ ಇಲ್ಲ. ಮನೆಗೆ ಬರುವ 14.2 ಕಿಲೊ ಸಿಲಿಂಡರ್ ನಿಮ್ಮದಲ್ಲ, ಅದು ತೈಲ ಕಂಪನಿಯ ಸ್ವತ್ತು. ಠೇವಣಿ ಕಟ್ಟಿ ಬಳಸಲು ಪಡೆದದ್ದು. ಖಾಲಿಯೆಂದು ಕಾಣುವ ಸಿಲಿಂಡರಿನಲ್ಲೂ ಗ್ಯಾಸ್ ಉಳಿದಿರುತ್ತದೆ, ಕಟಿಂಗ್ ಚಕ್ರದ ಒಂದು ಕಿಡಿ ಅದಕ್ಕೆ ಸಾಕು. ಜಿಐ ಪೈಪಿನ ಮೇಲಿರುವ ಸತುವಿನ ಲೇಪ ಕಾವಿಗೆ ಆವಿಯಾಗಿ, ಉಸಿರಾಡಿದವರಿಗೆ ಸಂಜೆಯ ಹೊತ್ತಿಗೆ ಚಳಿಜ್ವರ ಬಂದಂತಾಗುತ್ತದೆ. ವೆಲ್ಡಿಂಗ್ ಮಾಡುವವರಿಗೆ ಇದು ಹಳೆಯ ಪರಿಚಯ. ಗುಜರಿಯಲ್ಲಿ ಸಿಗುವ ಲಾರಿಯ ಬ್ರೇಕ್ ಡ್ರಮ್ಮು, 5-6 ಮಿಲಿಮೀಟರ್ ದಪ್ಪದ ಕರಿ ಉಕ್ಕಿನ ಪೈಪು ತೆಗೆದುಕೊಳ್ಳಿ. ತೂತು ಕೊರೆದ ಒಳಪೈಪು ಅತಿ ಹೆಚ್ಚು ಕಾಯುವ ಭಾಗ. ಸಾಧಾರಣ ಉಕ್ಕು ಅಲ್ಲಿ ಹಪ್ಪಳದಂತೆ ಪದರ ಪದರವಾಗಿ ಉದುರುತ್ತದೆ, ಸ್ಟೇನ್‌ಲೆಸ್ ಹಾಕಿದರೆ ಬಾಳಿಕೆ ಬರುತ್ತದೆ. ಎಣ್ಣೆಯ ನಳಿಕೆ ತಾಮ್ರದ್ದೋ ಉಕ್ಕಿನದೋ ಆಗಿರಲಿ, ಪ್ಲಾಸ್ಟಿಕ್ ಬೇಡ.

ವಿದ್ಯಾರ್ಥಿಗಳಾದ್ದರಿಂದ ಇನ್ನೊಂದು ಮಾತು. ತೊಟ್ಟಿಕ್ಕುವ ಒಲೆಯನ್ನು ಎಲ್ಲರೂ ಮಾಡುತ್ತಾರೆ. ಅಮೆರಿಕದ ರಾಬರ್ಟ್ ಬ್ಯಾಬಿಂಗ್ಟನ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಬರ್ನರಿನಲ್ಲಿ ಎಣ್ಣೆ ಒಂದು ಟೊಳ್ಳು ಗುಂಡಿನ ಹೊರಮೈ ಮೇಲೆ ತೆಳುವಾದ ಪರೆಯಾಗಿ ಹರಿಯುತ್ತದೆ. ಗುಂಡಿನಲ್ಲಿರುವ ಕೂದಲೆಳೆಯಷ್ಟು ಸಣ್ಣ ತೂತಿನಿಂದ ಕಂಪ್ರೆಸರಿನ ಗಾಳಿ ಹೊರಬಂದು ಆ ಪರೆಯನ್ನು ಮಂಜಿನಂತೆ ಚಿಮ್ಮಿಸುತ್ತದೆ. ತೂತಿನಲ್ಲಿ ಹೋಗುವುದು ಗಾಳಿ ಮಾತ್ರ, ಎಣ್ಣೆಯಲ್ಲ. ಆದ್ದರಿಂದ ಕೆಸರೆಣ್ಣೆಗೂ ಅದು ಕಟ್ಟಿಕೊಳ್ಳುವುದಿಲ್ಲ. ಅಂಕ ಕೊಡುವವರಿಗೂ ಇದು ಹಿಡಿಸೀತು.

ಪ್ರಶ್ನೆ: ನಮ್ಮ ಹೋಂಸ್ಟೇಯಲ್ಲಿ ತಿಂಗಳಿಗೆ ಸುಮಾರು 30 ಲೀಟರ್ ಕರಿದ ಎಣ್ಣೆ ಉಳಿಯುತ್ತದೆ. ಅತಿಥಿಗಳ ಸ್ನಾನದ ನೀರು ಕಾಯಿಸಲು ಅದನ್ನು ಉರಿಸಬಹುದೇ? ಎಂಜಿನ್ ಆಯಿಲಿನ ವಿಷ ಇದರಲ್ಲಿ ಇರುವುದಿಲ್ಲವಲ್ಲ?
— ಹೋಂಸ್ಟೇ ನಡೆಸುವವರು, ಮೂಡಿಗೆರೆ

ಉತ್ತರ: ಅಡುಗೆ ಎಣ್ಣೆಯಲ್ಲಿ ಸೀಸ, ಸತುವಿನ ಗೊಡವೆಯಿಲ್ಲ, ಗಂಧಕವೂ ಇಲ್ಲವೆನ್ನುವಷ್ಟು ಕಡಿಮೆ. ಆ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಅದು ಆವಿಯಾಗಲು ಎಂಜಿನ್ ಆಯಿಲಿಗಿಂತಲೂ ಹೆಚ್ಚು ಕಾವು ಬೇಕು, 300 ಡಿಗ್ರಿ ದಾಟಬೇಕು. ಅರ್ಧಂಬರ್ಧ ಉರಿದರೆ, ಬಾಣಲೆ ಹೊತ್ತಿದಾಗ ಗಂಟಲು ಹಿಡಿಯುವ ಅದೇ ಘಾಟು ಕಾಟೇಜುಗಳ ಕಡೆಗೆ ಬರುತ್ತದೆ. ಉಳಿದ ಎಣ್ಣೆ ನಳಿಕೆಯಲ್ಲಿ ಗೋಂದಿನಂತೆ ಗಟ್ಟಿಯಾಗುವುದರಿಂದ ಪ್ರತಿ ಸಲ ಆರಿಸುವ ಮುನ್ನ ಕೆಲವು ನಿಮಿಷ ಡೀಸೆಲ್ ಹಾಯಿಸಬೇಕಾಗುತ್ತದೆ.

ಇಲ್ಲೂ ಲೆಕ್ಕ ನೋಡಿ. ದಿನಕ್ಕೆ 500 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ತರಲು 23 ಯೂನಿಟ್ ಶಾಖ ಬೇಕು. ಕರಿದ ಎಣ್ಣೆಯ ಲೀಟರಿನಲ್ಲಿ 9 ಯೂನಿಟ್ಟಿಗಿಂತ ತುಸು ಹೆಚ್ಚಿದೆ. ಬಾಯ್ಲರ್ ಅದರಲ್ಲಿ ಆರು ಆಣೆಯಷ್ಟನ್ನು ಕೊಳವೆಗೆ ಕಳೆದುಕೊಂಡು ಉಳಿದದ್ದನ್ನು ನೀರಿಗೆ ಕೊಟ್ಟರೆ ದಿನಕ್ಕೆ ನಾಲ್ಕು ಲೀಟರ್ ಬೇಕು. ನಿಮ್ಮ 30 ಲೀಟರ್ ಒಂದು ವಾರಕ್ಕೆ ಮುಗಿಯಿತು. ಉಳಿದ ಮೂರು ವಾರಕ್ಕೆ ಹೇಗೂ ಸೌದೆಯ ಬಾಯ್ಲರ್ ಅಥವಾ ಸೋಲಾರ್ ಬೇಕೇ ಬೇಕು ಎಂದಾದರೆ, ಎಣ್ಣೆಗಾಗಿ ಇನ್ನೊಂದು ಯಂತ್ರ ಏಕೆ? ಕಾಫಿ ತೋಟದಲ್ಲಿ ಸಿಲ್ವರ್ ಓಕಿನ ಕೊಂಬೆಗೂ ಮುರಿದ ಕಾಫಿ ರೆಂಬೆಗೂ ಬರವಿಲ್ಲ.

ಎಣ್ಣೆಗೆ ಬೇರೆ ದಾರಿಯಿದೆ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳ (ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದು ಕೆಟ್ಟು ಹುಟ್ಟುವ ಪದಾರ್ಥಗಳ) ಪ್ರಮಾಣ ಶೇ 25 ದಾಟಿದರೆ ಅದನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅದೇ ವರ್ಷ ಆಹಾರ ಸುರಕ್ಷತಾ ಪ್ರಾಧಿಕಾರ ‘ರೂಕೊ’ ಎಂಬ ಹೆಸರಿನಲ್ಲಿ ಇಂಥ ಎಣ್ಣೆಯನ್ನು ಬಯೋಡೀಸೆಲಿಗೆ ಸಂಗ್ರಹಿಸುವ ಏರ್ಪಾಡು ಆರಂಭಿಸಿತು. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ಉದ್ಯಮಗಳು ಅದರ ಲೆಕ್ಕವಿಟ್ಟು ಅಧಿಕೃತ ಸಂಗ್ರಾಹಕರಿಗೇ ಕೊಡಬೇಕು. ನೀವು ಆ ಮಿತಿಯೊಳಗೆ ಬರದಿದ್ದರೂ ಅಕ್ಕಪಕ್ಕದ ನಾಲ್ಕಾರು ಹೋಂಸ್ಟೇಯವರು ಒಟ್ಟಾಗಿ ಕ್ಯಾನು ತುಂಬಿಸಿದರೆ ಸಂಗ್ರಾಹಕರು ಬರುತ್ತಾರೆ, ಹಣವನ್ನೂ ಕೊಡುತ್ತಾರೆ. ಗಾಡಿ ಅಂಗಡಿಯವರು ಬಂದು ಕೇಳಿದರೆ ಮಾತ್ರ ಕೊಡಬೇಡಿ. ಅದು ಮತ್ತೆ ಬಾಣಲೆಗೇ ಹೋಗುತ್ತದೆ.

ಪ್ರಶ್ನೆ: ಮಿಷಿಗನ್‌ನಲ್ಲಿ ನೆಲೆಸಿದ್ದೇವೆ. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಚಳಿಗಾಲದಲ್ಲಿ ಕೆಲಸ ಮಾಡಲು ಎಣ್ಣೆಯ ಹೀಟರ್ ಕಟ್ಟಿಕೊಳ್ಳಬೇಕೆಂದಿದೆ. ಕಾರುಗಳ ಆಯಿಲನ್ನು ನಾನೇ ಬದಲಿಸುತ್ತೇನೆ. ಇಲ್ಲಿನ ಕಾನೂನು ಒಪ್ಪುತ್ತದೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ಡೆಟ್ರಾಯಿಟ್ ಬಳಿ

ಉತ್ತರ: ಅಮೆರಿಕದ ಒಕ್ಕೂಟ ನಿಯಮ ಈ ವಿಷಯದಲ್ಲಿ ಭಾರತಕ್ಕಿಂತ ಸಡಿಲ. ಉದ್ಯಮಗಳು ತಮ್ಮಲ್ಲೇ ಉಂಟಾದ ಎಣ್ಣೆಯನ್ನು, ಮತ್ತು ಮನೆಯಲ್ಲೇ ಆಯಿಲ್ ಬದಲಿಸುವವರು ತಂದುಕೊಟ್ಟದ್ದನ್ನು, ಗಂಟೆಗೆ 5 ಲಕ್ಷ ಬಿಟಿಯು (ಅಲ್ಲಿ ಬಳಕೆಯಲ್ಲಿರುವ ಶಾಖದ ಅಳತೆ) ಮೀರದ ಹೀಟರಿನಲ್ಲಿ, ಹೊಗೆಯನ್ನು ಕಟ್ಟಡದ ಹೊರಕ್ಕೆ ಬಿಡುವ ಷರತ್ತಿನ ಮೇಲೆ ಉರಿಸಬಹುದು. ಅಲ್ಲಿನ ಮೆಕ್ಯಾನಿಕ್ ಶಾಪುಗಳು ಚಳಿಗಾಲವನ್ನು ಕಳೆಯುವುದು ಹೀಗೆಯೇ. ಆದರೆ ಆ ಶಾಪುಗಳಲ್ಲಿರುವುದು ಪರೀಕ್ಷೆಯಾಗಿ ಮುದ್ರೆ ಬಿದ್ದ ಹೀಟರು, ಮತ್ತು ಅದರ ಮೇಲೆಯೇ ‘ವಾಸದ ಮನೆಗಳಿಗೆ ಅಲ್ಲ’ ಎಂದು ಬರೆದಿರುತ್ತದೆ. ನೀವು ಕಟ್ಟುವುದಕ್ಕೆ ಮುದ್ರೆಯಿರುವುದಿಲ್ಲ. ಊರಿನ ಕಟ್ಟಡ ನಿಯಮವೂ ಮನೆಯ ವಿಮಾ ಕಂಪನಿಯೂ ಅದನ್ನು ಒಪ್ಪುತ್ತವೆಂದು ನಂಬಿ ಕೂರಬೇಡಿ. ಬೆಂಕಿ ಬಿದ್ದ ಮೇಲೆ ವಿಮೆಯವರು ಬರೆಯುವ ಪತ್ರದ ಒಕ್ಕಣೆಯನ್ನು ಈಗಲೇ ಊಹಿಸಬಹುದು.

ಅಷ್ಟಕ್ಕೂ ಎಣ್ಣೆ ಎಲ್ಲಿದೆ? ಒಂದು ಕಾರಿಗೆ ಒಂದು ಸಲ ಬದಲಿಸಿದರೆ ಐದು ಲೀಟರ್. ಎರಡು ಕಾರಿನಿಂದ ವರ್ಷಕ್ಕೆ 20-30 ಲೀಟರ್ ಸಿಕ್ಕೀತು. ಮಿಷಿಗನ್ನಿನ ಜನವರಿಯಲ್ಲಿ ಗ್ಯಾರೇಜನ್ನು ಬೆಚ್ಚಗಿಡುವ ಹೀಟರು ಗಂಟೆಗೆ ಲೀಟರಿಗಿಂತ ಹೆಚ್ಚು ಉರಿಸುತ್ತದೆ. ವರ್ಷವಿಡೀ ಕೂಡಿಟ್ಟದ್ದು ಎರಡು ಮೂರು ರಜಾದಿನಗಳಿಗೆ ಸರಿಹೋಗುತ್ತದೆ. ಕಾರಿನ ಬಿಡಿಭಾಗ ಮಾರುವ ದೊಡ್ಡ ಅಂಗಡಿಗಳಲ್ಲಿ ಹಳೆಯ ಆಯಿಲನ್ನು ಬಿಟ್ಟಿಯಾಗಿ ತೆಗೆದುಕೊಳ್ಳುತ್ತಾರೆ, ಅಲ್ಲಿಗೆ ಕೊಡಿ. ಗೋಡೆಗೆ ಉಷ್ಣನಿರೋಧಕ ಹಾಕಿಸಿ, ಗ್ಯಾರೇಜಿನ ಬಾಗಿಲಿನ ಅಂಚಿನ ರಬ್ಬರ್ ಬದಲಿಸಿ ನೋಡಿ. ಆ ಬಾಗಿಲಿನ ಸಂದಿನಲ್ಲಿ ಹೋಗುತ್ತಿರುವ ಶಾಖ ನಿಮ್ಮ ಇಡೀ ವರ್ಷದ ಎಣ್ಣೆಗಿಂತ ಹೆಚ್ಚಿರಬಹುದು.

ಪ್ರಶ್ನೆ: ಹೊಗೆಯೇ ಕಾಣದಷ್ಟು ಚೊಕ್ಕವಾಗಿ ಉರಿಯುವ ಸಣ್ಣ ಒಲೆಯನ್ನು ಮಲಗುವ ಕೋಣೆಯಲ್ಲಿ ಕೊಳವೆಯಿಲ್ಲದೆ ಇಡಬಹುದೇ? ಮಳೆಗಾಲದ ಚಳಿಗೆ ಬೇಕಾಗಿದೆ.
— ಗೃಹಿಣಿ, ಮಡಿಕೇರಿ

ಉತ್ತರ: ಇಡಬೇಡಿ, ಅಮ್ಮ. ಇಜ್ಜಲಿನ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಿದವರು ಏಳದೇ ಹೋದ ಸುದ್ದಿ ಪ್ರತಿ ಚಳಿಗಾಲವೂ ಪತ್ರಿಕೆಯಲ್ಲಿ ಬರುತ್ತದೆ. ಅವರನ್ನು ಕೊಂದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉರಿ ಚೊಕ್ಕವಾಗಿ ಕಂಡರೂ ಕೋಣೆಯ ಗಾಳಿ ಕಡಿಮೆಯಾಗುತ್ತ ಹೋದಂತೆ ಅದೇ ಉರಿ ವಿಷ ಬಿಡತೊಡಗುತ್ತದೆ, ಆ ಹೊತ್ತಿಗೆ ಕೋಣೆಯಲ್ಲಿರುವವರಿಗೆ ನಿದ್ದೆ ಹತ್ತಿರುತ್ತದೆ. ಕೋಣೆಗೆ ಎಣ್ಣೆ ತುಂಬಿದ ವಿದ್ಯುತ್ ರೇಡಿಯೇಟರ್ ಸಾಕು. ಅದರೊಳಗಿನ ಎಣ್ಣೆ ಉರಿಯುವುದಿಲ್ಲ, ಬರೀ ಬಿಸಿಯಾಗುತ್ತದೆ.

ಪ್ರಶ್ನೆ: ಇಂಥ ಒಲೆಯ ಬೂದಿಯನ್ನು ಸೌದೆಯ ಬೂದಿಯಂತೆ ತೆಂಗು, ಅಡಿಕೆಯ ಬುಡಕ್ಕೆ ಹಾಕಬಹುದೇ? ಉಳಿದ ಎಣ್ಣೆಯನ್ನು ಗೆದ್ದಲು ಬಾರದಂತೆ ಕೊಟ್ಟಿಗೆಯ ಕಂಬಗಳಿಗೆ ಬಳಿಯುತ್ತಿದ್ದೇವೆ, ಸರಿಯೇ?
— ಕೃಷಿಕರು, ಪುತ್ತೂರು

ಉತ್ತರ: ಸೌದೆಯ ಬೂದಿಯಲ್ಲಿ ಗಿಡಕ್ಕೆ ಬೇಕಾದ ಪೊಟ್ಯಾಷ್ ಇದೆ, ಎಂಜಿನ್ ಆಯಿಲಿನ ಬೂದಿಯಲ್ಲಿ ಹೆಚ್ಚಾಗಿರುವುದು ಸತು, ಸುಣ್ಣ, ರಂಜಕ, ಜೊತೆಗೆ ಸೀಸ. ಬುಡಕ್ಕೆ ಹಾಕಬೇಡಿ. ಒಲೆ ಪೂರ್ತಿ ಆರಿದ ಮೇಲೆ, ಮೂಗಿಗೆ ಬಟ್ಟೆಯಲ್ಲ, ಒಳ್ಳೆಯ ಮಾಸ್ಕ್ ಕಟ್ಟಿಕೊಂಡು ಕೆರೆದು, ಮುಚ್ಚಳವಿರುವ ಡಬ್ಬಿಯಲ್ಲಿ ಇಟ್ಟು, ಮಂಡಳಿಯ ಒಪ್ಪಿಗೆಯಿರುವ ಅಪಾಯಕಾರಿ ತ್ಯಾಜ್ಯದ ಘಟಕಕ್ಕೇ ಸೇರಿಸಬೇಕು. ಕಂಬಕ್ಕೆ ಬಳಿಯುವುದು ನಮ್ಮ ಹಳ್ಳಿಗಳ ಹಳೆಯ ರೂಢಿ, ಗೆದ್ದಲು ಸ್ವಲ್ಪ ಕಾಲ ದೂರವಿರುವುದೂ ನಿಜ. ಆದರೆ ದನಗಳು ಕಂಬಕ್ಕೆ ಮೈ ಉಜ್ಜುತ್ತವೆ, ನೆಕ್ಕುತ್ತವೆ. ಮಳೆನೀರು ಅದನ್ನು ತೊಳೆದುಕೊಂಡು ಗೊಬ್ಬರದ ಗುಂಡಿಗೂ ಬಾವಿಗೂ ಹೋಗುತ್ತದೆ. ಕೊಟ್ಟಿಗೆಯಲ್ಲಂತೂ ಬೇಡ. ಅಲ್ಲಿಗೆ ಕಂಬದ ಬುಡವನ್ನು ನೆಲದಿಂದ ಒಂದು ಗೇಣು ಎತ್ತರಕ್ಕೆ ಕಾಂಕ್ರೀಟಿನ ಪೀಠದ ಮೇಲೆ ಕೂರಿಸುವುದು ಗೆದ್ದಲಿಗೆ ಹೆಚ್ಚು ಬಾಳಿಕೆಯ ಉಪಾಯ.